ಕಣ್ಣು ಮುಚ್ಚದಿರುವ ವಿದ್ಯೆ

ಅಕ್ಕರೆಯಿಂದ ಸಾಕಿ ಸಲಹಿದವರನ್ನು ಕುರಿತು 'ರೆಪ್ಪೆ ಕಣ್ಣನ್ನು ಕಾಯುವಂತೆ ಕಾದರು' ಎಂದು ಹೇಳುವ ವಾಡಿಕೆ ನಮ್ಮಲ್ಲಿದೆ. ಮಾತು ಸುಂದರವಾದದ್ದು, ಸತ್ಯವಾದದ್ದೂ ಹೌದು. ಧೂಳು ಹಾರಿಬಂದರೆ, ಹುಳುವೊಂದು ಮುಖಕ್ಕೆ ನುಗ್ಗಿದರೆ, ನಾವು ಅಪ್ಪಣೆ ಕೊಡುವ ಮೊದಲೇ ರೆಪ್ಪೆ ತನ್ನ ಕೆಲಸವನ್ನು ಮುಗಿಸಿರುತ್ತದೆ. ಇಷ್ಟು ನಂಬಿಕೆಯ ಸೇವಕನನ್ನು ದೂರುವುದು ಕೃತಘ್ನತೆಯೇ ಸರಿ. ಆದರೂ ನನಗೆ ಅತ್ಯಂತ ಹೆಚ್ಚು ಏಟು ತಿನ್ನಿಸಿದವರು ಯಾರೆಂದು ಯಾರಾದರೂ ಕೇಳಿದರೆ, ನಾನು ನನ್ನ ರೆಪ್ಪೆಗಳನ್ನೇ ತೋರಿಸಬೇಕಾಗುತ್ತದೆ.

ಚಿಕ್ಕಂದಿನಲ್ಲಿ ನಾನು ಅಂಜುಬುರುಕ. ಪ್ರಾಥಮಿಕ ಶಾಲೆಯಲ್ಲಿ ನಮಗೆ ಲೆಕ್ಕ ಹೇಳಿಕೊಡುತ್ತಿದ್ದ ಉಪಾಧ್ಯಾಯರೊಬ್ಬರ ಕೈ ಬಹಳ ಚುರುಕು. ತಪ್ಪು ಉತ್ತರಕ್ಕೆ ಮಾತ್ರವಲ್ಲ, ತಡವಾದ ಉತ್ತರಕ್ಕೂ ಏಟು ಬೀಳುತ್ತಿತ್ತು. ಅವರು ಕೈಯೆತ್ತಿದೊಡನೆ ನನ್ನ ಕಣ್ಣು ಮುಚ್ಚುತ್ತಿತ್ತು, ಕತ್ತು ಪಕ್ಕಕ್ಕೆ ತಿರುಗುತ್ತಿತ್ತು, ಭುಜಗಳೆರಡೂ ಕಿವಿಯವರೆಗೆ ಏರುತ್ತಿದ್ದವು. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಈ ಅಭ್ಯಾಸ ನನ್ನನ್ನು ಬಿಡಲಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯ ತಲೆ ಕೆರೆದುಕೊಳ್ಳಲು ಕೈಯೆತ್ತಿದರೂ ನಾನು ಬೆದರಿ ಹಿಂದೆ ಸರಿಯುತ್ತಿದ್ದೆ. ಕಂಡವರು ನಗುತ್ತಿದ್ದರು. ನಾನೂ ಅವರೊಡನೆ ನಗುತ್ತಿದ್ದೆ. ಆದರೆ ರಾತ್ರಿ ಹಾಸಿಗೆಯ ಮೇಲೆ ಆ ನಗು ನೆನಪಾದಾಗ ಮನಸ್ಸು ಕಹಿಯಾಗುತ್ತಿತ್ತು.

1984ರಲ್ಲಿ ನಾನು ಕಾಲೇಜಿನ ಓದಿಗಾಗಿ ಬೆಂಗಳೂರಿಗೆ ಬಂದೆ. ನಾನಿದ್ದ ಕೋಣೆಯ ಸಮೀಪದಲ್ಲೇ ಒಂದು ವ್ಯಾಯಾಮಶಾಲೆಯಿತ್ತು. ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು ಸಂಜೆಯ ಹೊತ್ತು ಅಲ್ಲಿ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದರು. ಹೆಂಚಿನ ಮಾಡು, ಮಣ್ಣಿನ ನೆಲ, ನಾಲ್ಕು ಕಂಬಗಳಿಗೆ ಬಿಗಿದ ಹಗ್ಗ, ಮರಳು ತುಂಬಿದ ಎರಡು ಗೋಣಿಚೀಲ: ಅಷ್ಟೇ ಅಲ್ಲಿದ್ದ ವೈಭವ. ಶೂರನಾಗಬೇಕೆಂದು ನಾನು ಅಲ್ಲಿಗೆ ಹೋದವನಲ್ಲ. ಯಾರಾದರೂ ಕೈಯೆತ್ತಿದರೆ ಬೆದರದೆ ನಿಲ್ಲುವಂತಾದರೆ ಸಾಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಮೊದಲ ಎರಡು ತಿಂಗಳು ಎಲ್ಲವೂ ಸೊಗಸಾಗಿಯೇ ನಡೆಯಿತು. ಗೋಣಿಚೀಲ ತಿರುಗಿ ಹೊಡೆಯುವುದಿಲ್ಲ. ಕನ್ನಡಿಯೊಳಗಿನ ಎದುರಾಳಿ ನಾನು ಹೇಳಿದಂತೆ ಕೇಳುತ್ತಾನೆ. ನನ್ನ ಕೈ ವೇಗವಾಗಿ ಓಡುತ್ತಿತ್ತು. ನಾನು ಬಾಕ್ಸಿಂಗ್ ಕಲಿತೆನೆಂದೇ ಭಾವಿಸಿದ್ದೆ. ಆಮೇಲೆ ಒಂದು ಸಂಜೆ ಸುಬೇದಾರರು ನನ್ನನ್ನು ಹಗ್ಗದ ಒಳಗೆ ಕರೆದು, ಬಟ್ಟೆಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬನ ಎದುರು ನಿಲ್ಲಿಸಿದರು. ಜೊತೆಗಾರನೊಂದಿಗೆ ನಡೆಸುವ ಈ ಅಭ್ಯಾಸದ ಕಾಳಗಕ್ಕೆ ಸ್ಪಾರಿಂಗ್ ಎಂದು ಹೆಸರು. ಗಂಟೆ ಬಾರಿಸಿತು. ಅವನ ಎಡಗೈ ನೆಟ್ಟಗೆ ನನ್ನ ಮುಖದತ್ತ ಬಂದದ್ದಷ್ಟೇ ನನಗೆ ಗೊತ್ತು. ಕಣ್ಣು ಮುಚ್ಚಿತು, ಕತ್ತು ತಿರುಗಿತು, ಭುಜಗಳು ಏರಿದವು. ಎರಡು ತಿಂಗಳು ಕಲಿತದ್ದೆಲ್ಲ ಎಲ್ಲಿಗೆ ಹೋಯಿತೋ ತಿಳಿಯದು. ಲೆಕ್ಕದ ತರಗತಿಯ ಆ ಹುಡುಗ ಮಾತ್ರ ಅಲ್ಲಿ ನಿಂತಿದ್ದ. ಮುಚ್ಚಿದ ಕಣ್ಣಿನಲ್ಲಿಯೇ ನೆಟ್ಟಗೆ ಹಿಂದಕ್ಕೆ ಓಡಿ, ಹಗ್ಗಕ್ಕೆ ಬೆನ್ನು ತಗುಲಿ, ಇನ್ನೂ ನಾಲ್ಕು ಏಟು ತಿಂದೆ.

ಸುಬೇದಾರರು ಕಾಳಗವನ್ನು ನಿಲ್ಲಿಸಿ ನನ್ನ ಮೂಗಿಗೆ ಒದ್ದೆ ಬಟ್ಟೆ ಒತ್ತಿದರು. "ಕಣ್ಣು ಮುಚ್ಚಿದರೆ ಏಟು ಬರುವುದು ನಿಲ್ಲುತ್ತದೇನಯ್ಯ? ನೀನು ನೋಡುವುದು ಮಾತ್ರ ನಿಲ್ಲುತ್ತದೆ" ಎಂದರು. ಅವರ ದನಿಯಲ್ಲಿ ಹಾಸ್ಯವಿರಲಿಲ್ಲ. ನಾಚಿಕೆಯಿಂದ ನಾನು, "ನನ್ನ ಕೈಯಲ್ಲಿ ಆಗುವುದಿಲ್ಲ ಸಾರ್. ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ" ಎಂದೆ. "ತಾನಾಗಿ ಆಗುವುದನ್ನು ಬೈದು ನಿಲ್ಲಿಸುವುದಕ್ಕಾಗುವುದಿಲ್ಲ. ಅದರ ಜಾಗದಲ್ಲಿ ಬೇರೊಂದು ತಾನಾಗಿ ಆಗುವಂತೆ ಮಾಡಬೇಕು. ನಾಳೆ ಬಾ" ಎಂದರು ಅವರು.

ಈ ಮಾತಿನ ಆಳ ನನಗೆ ತಿಳಿದದ್ದು ಬಹಳ ಕಾಲದ ಅನಂತರ, ಆ ವಿಷಯವನ್ನು ಕುರಿತು ಓದಿಕೊಂಡಾಗ. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಕೈ ಉತ್ತರ ಕೊಡಬೇಕಾದರೆ, ಅದೂ ಒಂದೇ ಸಂಕೇತಕ್ಕೆ ಒಂದೇ ಉತ್ತರವೆಂದು ಮೊದಲೇ ಗೊತ್ತಿದ್ದಾಗ, ಸುಮಾರು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಪಳಗಿದ ಬಾಕ್ಸರನ ಎಡಗೈ ನಮ್ಮ ಮೂಗನ್ನು ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಸಮಯ ಸಾಕು. ಎಂದರೆ, ಮುಷ್ಟಿ ಹೊರಟದ್ದನ್ನು ಕಂಡು, ಅದು ಯಾವ ಏಟೆಂದು ಯೋಚಿಸಿ, ಆಮೇಲೆ ತಡೆಯುತ್ತೇನೆ ಎನ್ನುವವನು ಎಂದಿಗೂ ತಡವೇ. ವಿಲಿಯಂ ಎಡ್ಮಂಡ್ ಹಿಕ್ ಎಂಬ ಮನಶ್ಶಾಸ್ತ್ರಜ್ಞ 1952ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. ಜನರ ಮುಂದೆ ದೀಪಗಳನ್ನಿಟ್ಟು, ಹೊತ್ತಿದ ದೀಪಕ್ಕೆ ತಕ್ಕ ಗುಂಡಿಯನ್ನು ಒತ್ತಲು ಹೇಳಿದಾಗ, ದೀಪಗಳ ಸಂಖ್ಯೆ ಹೆಚ್ಚಿದಂತೆಲ್ಲ ಉತ್ತರವೂ ನಿಧಾನವಾಗುತ್ತಿತ್ತು. ಆರಿಸಬೇಕಾದದ್ದು ಹೆಚ್ಚಿದಷ್ಟೂ ಮನಸ್ಸು ತಡಮಾಡುತ್ತದೆ. ಹತ್ತು ಬಗೆಯ ತಡೆಗಳನ್ನು ಒಂದೇ ದಿನ ಕಲಿತವನು ಹತ್ತರಲ್ಲಿ ಯಾವುದೆಂದು ಯೋಚಿಸುವಷ್ಟರಲ್ಲಿ ಏಟು ಬಿದ್ದಿರುತ್ತದೆ.

ಹಾಗಾದರೆ ಒಳ್ಳೆಯ ಆಟಗಾರರು ತಪ್ಪಿಸಿಕೊಳ್ಳುವುದು ಹೇಗೆ? ಅವರು ಮುಷ್ಟಿಯನ್ನು ಕಾಯುವುದಿಲ್ಲ. ಮುಷ್ಟಿಗೆ ಮೊದಲು ಬರುವ ಸುದ್ದಿಯನ್ನು ಓದುತ್ತಾರೆ. ಕೈ ಚಲಿಸುವುದಕ್ಕೆ ಮುಂಚೆ ಭುಜ ಅಲುಗುತ್ತದೆ. ಭುಜಕ್ಕೆ ಮುಂಚೆ ಸೊಂಟ ತಿರುಗುತ್ತದೆ. ಸೊಂಟಕ್ಕೆ ಮುಂಚೆ ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರುತ್ತದೆ. ಕಬಡ್ಡಿಯಲ್ಲಿ ಹಿಡಿಯುವವನು ದಾಳಿಗಾರನ ಮುಖವನ್ನು ನೋಡದೆ ಕಾಲನ್ನು ನೋಡುವುದಿಲ್ಲವೆ? ಚೆಂಡು ನೆಲಕ್ಕೆ ಬೀಳುವ ಮೊದಲೇ ಬ್ಯಾಟುಗಾರ ಬೌಲರನ ಮಣಿಕಟ್ಟನ್ನು ಓದುವುದಿಲ್ಲವೆ? ಇದೂ ಹಾಗೆಯೇ. "ಕೈಯನ್ನು ನೋಡಬೇಡ, ಅದು ಸುಳ್ಳು ಹೇಳುತ್ತದೆ. ಎದೆಯ ಮೇಲ್ಭಾಗದಲ್ಲಿ ಕಣ್ಣಿಡು. ಅಲ್ಲಿಂದ ಎರಡು ಭುಜವೂ ಕಾಣುತ್ತದೆ, ಕಾಲೂ ಕಾಣುತ್ತದೆ" ಎಂದು ಸುಬೇದಾರರು ಮತ್ತೆ ಮತ್ತೆ ಹೇಳುತ್ತಿದ್ದರು.

ಮಾರನೆಯ ದಿನದಿಂದ ನನಗೆ ಹೊಸ ಪಾಠ ಮೊದಲಾಯಿತು. ಗಿರಣಿಯ ಹುಡುಗ ಎಡಗೈಯಿಂದ ಒಂದೇ ಒಂದು ನೇರವಾದ ಏಟನ್ನು, ನೀರಿನೊಳಗೆ ಕೈ ಚಾಚುವಷ್ಟು ನಿಧಾನವಾಗಿ, ನನ್ನ ಮುಖದತ್ತ ತರಬೇಕು. ನಾನು ಬಲ ಅಂಗೈಯನ್ನು ಗಲ್ಲದ ಹತ್ತಿರವೇ ಇಟ್ಟುಕೊಂಡು, ಅದು ಬಂದು ಮುಟ್ಟಿದಾಗ ಹಿಡಿಯಬೇಕು. ಹಿಡಿಯುವಾಗ ಮೂಗಿನಿಂದ ಸಣ್ಣಗೆ ಉಸಿರು ಬಿಡಬೇಕು. ಬೇರೇನೂ ಇಲ್ಲ. ಒಂದು ವಾರ ಇದೇ ನಡೆಯಿತು. ಉಸಿರು ಬಿಗಿಹಿಡಿದವನ ಮೈಯೆಲ್ಲ ಬಿಗಿಯುತ್ತದೆ. ಬಿಗಿದ ಮೈ ಬೇಗ ಕದಲದು. ಆದ್ದರಿಂದಲೇ ಉಸಿರಿಗೆ ಅಷ್ಟು ಪ್ರಾಮುಖ್ಯ. ಏಟು ನಿಧಾನವಾಗಿದ್ದದ್ದರಿಂದ ರೆಪ್ಪೆಗೆ ಗಾಬರಿಯಾಗಲು ಕಾರಣವಿರಲಿಲ್ಲ. ಮುಷ್ಟಿ ದೊಡ್ಡದಾಗುತ್ತ ಬರುವುದನ್ನು ಜನ್ಮದಲ್ಲಿ ಮೊದಲ ಬಾರಿಗೆ ನಾನು ಕೊನೆಯವರೆಗೂ ನೋಡಿದೆ. ಆ ಗ್ಲೌಸಿನ ಹೊಲಿಗೆ ಎಲ್ಲಿ ಬಿಟ್ಟಿತ್ತೆಂಬುದು ನನಗೆ ಇಂದಿಗೂ ನೆನಪಿದೆ.

ಎರಡನೆಯ ವಾರ ಅದೇ ಏಟು ಸ್ವಲ್ಪ ವೇಗವಾಯಿತು. ಮೂರನೆಯ ವಾರ ಬಲಗೈಯ ಏಟೂ ಬಂದು ಸೇರಿತು. ಆದರೆ ಎಡ, ಬಲ ಎಂಬ ಕ್ರಮ ಮೊದಲೇ ಗೊತ್ತಿರುತ್ತಿತ್ತು. ಅದು ಪಳಗಿದ ಮೇಲೆಯೇ ಕ್ರಮವನ್ನು ಬದಲಿಸಿದರು. ಅಡ್ಡಲಾಗಿ ಭುಜದ ಎತ್ತರಕ್ಕೆ ಒಂದು ಹಗ್ಗ ಕಟ್ಟಿ, ಮೊಣಕಾಲನ್ನು ಬಗ್ಗಿಸಿ ತಲೆಯನ್ನು ಹಗ್ಗದ ಈ ಬದಿಯಿಂದ ಆ ಬದಿಗೆ ನುಸುಳಿಸುತ್ತ ಹೆಜ್ಜೆಹೆಜ್ಜೆಯಾಗಿ ಮುಂದೆ ಸಾಗಬೇಕೆಂದರು. ಸೊಂಟದಿಂದ ಬಾಗಿ ನೆಲ ನೋಡಿದರೆ ತಪ್ಪು. ಬಾಗಿದಾಗಲೂ ಕಣ್ಣು ಎದುರಾಳಿಯ ಮೇಲೆಯೇ ಇರಬೇಕು. ತಲೆ ಎಷ್ಟು ಸರಿಯಬೇಕು ಎಂದು ನಾನು ಕೇಳಿದೆ. "ಏಟು ಕಿವಿಯನ್ನು ಸವರಿಕೊಂಡು ಹೋಗುವಷ್ಟು. ಮೊಳದುದ್ದ ತಪ್ಪಿಸಿಕೊಂಡವನು ಮೊಳದುದ್ದ ತಿರುಗಿ ಬರಬೇಕು, ಅಷ್ಟರಲ್ಲಿ ಎರಡನೆಯದು ಬಂದಿರುತ್ತದೆ" ಎಂದರು. ತಡೆದ ಮೇಲೆ ಅಲ್ಲಿಯೇ ನಿಂತು ಮೆಚ್ಚಿಕೊಳ್ಳಬಾರದು. ಕೈ ತಿರುಗಿ ಗಲ್ಲಕ್ಕೆ ಬರಬೇಕು, ಕಾಲು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ನೆಟ್ಟಗೆ ಹಿಂದೆ ಹೋಗುವವನನ್ನು ಎದುರಾಳಿ ನೆಟ್ಟಗೆ ಅಟ್ಟಿಸಿಕೊಂಡು ಬರುತ್ತಾನೆ. ಪಕ್ಕಕ್ಕೆ ಸರಿದವನನ್ನು ಹುಡುಕಬೇಕಾಗುತ್ತದೆ.

ಆ ದಿನಗಳಲ್ಲಿ ಗಿರಣಿಯ ಹುಡುಗ ನನಗೆ ಮಾಡಿದ ಉಪಕಾರವನ್ನು ನಾನು ಅಂದು ಅರಿಯಲಿಲ್ಲ. ಅವನು ನನಗಿಂತ ಎಷ್ಟೋ ಬಲಶಾಲಿ. ಎಂಟು ಗಂಟೆ ದುಡಿದು ದಣಿದು ಬಂದವನು, ತನ್ನ ಅಭ್ಯಾಸವನ್ನು ಬದಿಗಿಟ್ಟು, ನನಗೆ ತಡೆಯಲು ಸಾಧ್ಯವಾಗುವಷ್ಟೇ ವೇಗದಲ್ಲಿ ಕೈ ಬೀಸುತ್ತಿದ್ದ. ಒಂದು ಕೂದಲೆಳೆಯಷ್ಟು ಹೆಚ್ಚು, ಅಷ್ಟೇ. ಭಯ ಹುಟ್ಟಿಸುವಷ್ಟು ಹೆಚ್ಚಲ್ಲ. ಭಯದಲ್ಲಿ ಮೈ ಕಲಿಯುವುದು ಭಯವನ್ನೇ ಹೊರತು ವಿದ್ಯೆಯನ್ನಲ್ಲ.

ಮೂರು ತಿಂಗಳು ಕಳೆಯುವ ಹೊತ್ತಿಗೆ ನನ್ನ ಕಣ್ಣು ತೆರೆದೇ ಇರುತ್ತಿತ್ತು. ಕಥೆಯನ್ನು ಇಲ್ಲಿಗೆ ಮುಗಿಸಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಆದರೆ ಹೇಳಬೇಕಾದದ್ದು ಇರುವುದು ಮುಂದೆಯೇ.

ಆಗ ಒಬ್ಬ ಹೊಸ ಹುಡುಗ ಬಂದು ಸೇರಿದ. ಹತ್ತಿರದ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದವನು. ನನಗಿಂತ ಎರಡು ಮೂರು ವರ್ಷ ಚಿಕ್ಕವನು, ಬಡಕಲು ಮೈಯವನು. ಒಂದು ಸಂಜೆ ಸುಬೇದಾರರು ನನ್ನನ್ನು ಅವನ ಎದುರು ನಿಲ್ಲಿಸಿ, "ಮೆಲ್ಲಗೆ" ಎಂದು ಒಂದೇ ಮಾತು ಹೇಳಿದರು. ನಾನು ಎಡಗೈ ಚಾಚಿದೆ. ಅವನ ಕಣ್ಣು ಮುಚ್ಚಿತು, ಕತ್ತು ತಿರುಗಿತು, ಭುಜಗಳು ಏರಿದವು. ಆ ಮುಖ ನನಗೆ ಚೆನ್ನಾಗಿ ಪರಿಚಿತವಾದದ್ದು. ಅದನ್ನು ಕಂಡು ನನ್ನಲ್ಲಿ ಕನಿಕರ ಹುಟ್ಟಬೇಕಾಗಿತ್ತು. ಹುಟ್ಟಿದ್ದು ಕನಿಕರವಲ್ಲ, ಸಂತೋಷ. ಹೆದರಿಸಲು ನನಗೂ ಸಾಧ್ಯವೆಂಬ ಸಂತೋಷ. ಎರಡನೆಯ ಏಟನ್ನು ನಾನು ಮೆಲ್ಲಗೆ ಹೊಡೆಯಲಿಲ್ಲ. ಮೂರನೆಯದನ್ನಂತೂ ಇದ್ದ ಬಲವನ್ನೆಲ್ಲ ಸೇರಿಸಿ ಹೊಡೆದೆ. ಅವನು ಕುಸಿದು ಕುಳಿತ. ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು.

ಸುಬೇದಾರರು ಮಾತನಾಡಲಿಲ್ಲ. ಅವನನ್ನು ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಆಮೇಲೆ ನನ್ನ ಬಳಿಗೆ ಬಂದು ನನ್ನ ಗ್ಲೌಸಿನ ದಾರವನ್ನು ತಾವೇ ಬಿಚ್ಚಿದರು. "ಮೈಸೂರು ಅರಮನೆಯಲ್ಲಿ ದಸರೆಯ ಸಮಯಕ್ಕೆ ಜಟ್ಟಿಗಳು ವಜ್ರಮುಷ್ಟಿ ಕಾಳಗ ಮಾಡುತ್ತಾರೆ, ಕೇಳಿದ್ದೀಯಾ? ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧವೇ ಇರುತ್ತದೆ. ಆದರೆ ಒಬ್ಬನ ತಲೆಯಲ್ಲಿ ಒಂದು ಹನಿ ರಕ್ತ ಕಂಡಕೂಡಲೇ ಕಾಳಗ ಮುಗಿಯಿತು. ಆಯುಧ ಹಿಡಿದವರಿಗೂ ಮಿತಿ ಇದೆ. ನಿನಗೆ ಇರಲಿಲ್ಲ" ಎಂದರು. ಒಂದು ತಿಂಗಳ ಕಾಲ ನಾನು ಯಾರಿಗೂ ಒಂದು ಏಟನ್ನೂ ಕೊಡಬಾರದು, ಬರುವುದನ್ನು ತಡೆಯುವುದಷ್ಟೇ ನನ್ನ ಕೆಲಸ ಎಂದು ಅಪ್ಪಣೆಯಾಯಿತು.

ಹೋಟೆಲಿನ ಹುಡುಗ ಮಾರನೆಯ ದಿನ ಬರಲಿಲ್ಲ; ಅದರ ಮಾರನೆಯ ದಿನವೂ ಬರಲಿಲ್ಲ. ವಾರದ ಕೊನೆಗೆ ನಾನು ಧೈರ್ಯ ತಂದುಕೊಂಡು ಅವನ ಹೋಟೆಲಿಗೆ ಹೋದೆ. ಲೋಟಗಳ ನಡುವಿನಿಂದ ತಲೆಯೆತ್ತಿ ನೋಡಿದ. ತಪ್ಪಾಯಿತೆಂದು ಹೇಳಿ, ತಿರುಗಿ ಬಾರೆಂದು ಕರೆದೆ. ಅವನಲ್ಲಿ ಕೋಪವಿರಲಿಲ್ಲ. "ನನಗೆ ಅದು ಆಗುವುದಿಲ್ಲ ಬಿಡಿ ಅಣ್ಣಾ" ಎಂದ. ನಾನು ಮಾತನಾಡುವ ಭರದಲ್ಲಿ ಕೈಯೆತ್ತಿದೆ. ಅವನು ಬೆದರಿ ಹಿಂದೆ ಸರಿದ. ನಾನು ಕೈಯನ್ನು ಕೆಳಗಿಳಿಸಿ ಮನೆಗೆ ಬಂದೆ. ಅವನು ಮತ್ತೆಂದೂ ವ್ಯಾಯಾಮಶಾಲೆಯ ಕಡೆ ಬರಲಿಲ್ಲ. ಲೆಕ್ಕದ ಉಪಾಧ್ಯಾಯರು ನನಗೆ ಕೊಟ್ಟದ್ದನ್ನು ನಾನು ಅವನಿಗೆ ಬಡ್ಡಿ ಸಮೇತ ದಾಟಿಸಿದ್ದೆ.

ಆ ಒಂದು ತಿಂಗಳಿನಲ್ಲಿಯೇ ನಾನು ತಡೆಯುವುದನ್ನು ನಿಜವಾಗಿ ಕಲಿತದ್ದು. ತಿರುಗಿ ಹೊಡೆಯುವ ಯೋಚನೆ ಇಲ್ಲದಾಗ ಮನಸ್ಸಿಗೆ ನೋಡುವುದೊಂದೇ ಕೆಲಸ ಉಳಿಯುತ್ತದೆ. ಯಾರು ಹೊಡೆಯುವ ಮುನ್ನ ಉಸಿರು ಎಳೆದುಕೊಳ್ಳುತ್ತಾರೆ, ಯಾರ ಮೊಣಕೈ ಮೊದಲು ಹೊರಳುತ್ತದೆ, ಯಾರು ದಣಿದಾಗ ಕೈಯನ್ನು ಕೆಳಗಿಳಿಸುತ್ತಾರೆ, ಎಲ್ಲವೂ ಕಾಣತೊಡಗಿತು. ಸಿಟ್ಟು ಬಂದ ದಿನ ಏನೂ ಕಾಣುತ್ತಿರಲಿಲ್ಲ. ಸಿಟ್ಟೂ ಒಂದು ಬಗೆಯ ರೆಪ್ಪೆಯೇ ಎಂಬುದು ನನಗೆ ಆಗ ಹೊಳೆಯಿತು.

ರಕ್ಷಣೆಯೆಂದರೆ ಏಟನ್ನು ಸಹಿಸಿಕೊಳ್ಳುವುದೆಂದು ತಿಳಿದವರೂ ಇದ್ದಾರೆ. 1974ರ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಶಾಸಾ ನಗರದಲ್ಲಿ ಮುಹಮ್ಮದ್ ಅಲಿ ಹಗ್ಗಕ್ಕೆ ಒರಗಿ ನಿಂತು, ಜಾರ್ಜ್ ಫೋರ್‌ಮನ್ನನ ಭಾರಿ ಏಟುಗಳನ್ನು ತೋಳುಗಳ ಮೇಲೂ ಮೈಮೇಲೂ ತೆಗೆದುಕೊಂಡು, ಅವನು ದಣಿದ ಮೇಲೆ ಎಂಟನೆಯ ಸುತ್ತಿನಲ್ಲಿ ಕೆಡವಿದ ಕಥೆ ಜಗತ್ತಿಗೆಲ್ಲ ತಿಳಿದಿದೆ. ನಾವೂ ಹಾಗೆ ನಿಲ್ಲಲು ಹೋದಾಗ ಸುಬೇದಾರರು ಗದರಿಸುತ್ತಿದ್ದರು. ತಲೆಗೆ ಮತ್ತೆ ಮತ್ತೆ ಬೀಳುವ ಏಟಿನಿಂದ ಬಾಕ್ಸರರ ಮಿದುಳಿಗೆ ಹಾನಿಯಾಗುತ್ತದೆಂಬುದನ್ನು ಅಮೆರಿಕದ ವೈದ್ಯರೊಬ್ಬರು 1928ರಷ್ಟು ಹಿಂದೆಯೇ ಬರೆದಿದ್ದರು. ಮೈಯ ಉಳಿದ ಭಾಗದಂತೆ ಮಿದುಳು ಏಟಿಗೆ ಗಟ್ಟಿಯಾಗುವುದಿಲ್ಲ. ಆದ್ದರಿಂದ ಅಭ್ಯಾಸದಲ್ಲಿ ತಲೆ ತಿರುಗಿದರೆ, ಕಣ್ಣು ಮಂಜಾದರೆ, ವಾಂತಿ ಬಂದಂತಾದರೆ, ಅಂದಿನ ಆಟ ಅಲ್ಲಿಗೆ ನಿಲ್ಲಬೇಕು, ವೈದ್ಯರನ್ನು ಕಾಣಬೇಕು. ಅದನ್ನು ಮುಚ್ಚಿಡುವುದು ಪೌರುಷವಲ್ಲ.

ಈಗ ನನ್ನ ತಮ್ಮನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ, ಕಿಕ್‌ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ಅವಳ ಮೇಜಿನ ಎದುರು ಲವ್ಲೀನಾ ಬೊರ್ಗೊಹೈನ್ ಅವರ ಚಿತ್ರವಿದೆ. ಅಸ್ಸಾಮಿನ ಆ ಹೆಣ್ಣುಮಗಳು ಮೊದಲು ಕಿಕ್‌ಬಾಕ್ಸಿಂಗ್ ಬಗೆಯದಾದ ಮುಯ್ ಥಾಯ್ ಕಲಿತು, ಆಮೇಲೆ ಬಾಕ್ಸಿಂಗಿಗೆ ಬಂದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದವರು. ಅವಳ ಅಭ್ಯಾಸವನ್ನು ನೋಡಲು ನಾನು ಆಗಾಗ ಹೋಗುತ್ತೇನೆ. ಅಲ್ಲಿ ಕೈಯ ಜೊತೆಗೆ ಕಾಲೂ ಬರುತ್ತದೆ. ಆದ್ದರಿಂದ ನಾನು ಕಲಿತದ್ದೆಲ್ಲ ಅಲ್ಲಿಗೆ ಸಲ್ಲುವುದಿಲ್ಲ. ಬಾಕ್ಸಿಂಗಿನಂತೆ ಆಳವಾಗಿ ತಲೆ ಬಾಗಿಸಿದರೆ ಮೊಣಕಾಲೋ ಪಾದವೋ ಎದುರಿಗೆ ಬಂದೀತು. ತೊಡೆಗೆ ಬರುವ ಒದೆತವನ್ನು ಕಾಲೆತ್ತಿ ಮೊಣಕಾಲಿನ ಕೆಳಗಿನ ಭಾಗದಿಂದ ತಡೆಯಬೇಕು. ಮೈಭಾರವೆಲ್ಲ ಮುಂಗಾಲಿನ ಮೇಲೆಯೇ ಇದ್ದರೆ ಆ ಕಾಲನ್ನು ಎತ್ತುವುದಾದರೂ ಹೇಗೆ? ಆದ್ದರಿಂದ ನಿಲ್ಲುವ ರೀತಿಯೇ ಬೇರೆ. ಆದರೆ ಕಣ್ಣಿನ ಪಾಠ ಮಾತ್ರ ಎರಡರಲ್ಲಿಯೂ ಒಂದೇ.

ಕಳೆದ ತಿಂಗಳು ಅವಳು ಮುಖ ಸಣ್ಣದು ಮಾಡಿಕೊಂಡು ಬಂದು, "ದೊಡ್ಡಪ್ಪಾ, ಏಟು ಬಂದಾಗ ನನಗೆ ಕಣ್ಣು ಮುಚ್ಚಿಹೋಗುತ್ತದೆ. ಎಲ್ಲರೂ ನಗುತ್ತಾರೆ" ಎಂದಳು. ನಾನು ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಎದುರು ನಿಂತೆ. "ನನ್ನ ಎದೆಯ ಮೇಲೆ ಕಣ್ಣಿಡು. ಅಂಗೈಯನ್ನು ಗಲ್ಲದ ಹತ್ತಿರ ಇಟ್ಟುಕೋ. ಮುಟ್ಟಿದಾಗ ಉಸಿರು ಬಿಡು" ಎಂದು ಹೇಳಿ, ನೀರಿನೊಳಗೆ ಚಾಚುವಂತೆ ಮೆಲ್ಲಗೆ ಎಡಗೈ ಚಾಚಿದೆ. ಅವಳ ರೆಪ್ಪೆ ನಡುಗಿತು, ಮುಚ್ಚಲಿಲ್ಲ. ನನ್ನ ಮುಷ್ಟಿ ಅವಳ ಅಂಗೈಯಲ್ಲಿ ಬಂದು ನಿಂತಿತು. "ಇಷ್ಟು ಮೆಲ್ಲಗೆ ಬಂದರೆ ಯಾರಿಗಾದರೂ ಕಾಣುತ್ತದೆ ದೊಡ್ಡಪ್ಪಾ" ಎಂದು ನಕ್ಕಳು. "ಹೌದು. ಮೊದಲು ಕಾಣಲಿ. ವೇಗ ಆಮೇಲೆ ಬರುತ್ತದೆ" ಎಂದೆ.

ಮತ್ತೆ ಕೈ ಚಾಚಿದೆ. ಎಂದೋ ಒಂದು ಸಂಜೆ ಹಗ್ಗದ ಒಳಗೆ ಇನ್ನೊಬ್ಬನ ಎದುರು ನಿಂತಾಗ ನಾನು ಚಾಚಬೇಕಾಗಿದ್ದದ್ದೂ ಹೀಗೆಯೇ. ನಾವು ಅಂಗಳದಲ್ಲಿ ಕತ್ತಲಾಗುವವರೆಗೂ ಅಭ್ಯಾಸ ಮಾಡಿದೆವು.